ಬಾವಿ ಬದಿಯ ಸೀಮೆಜಾಲಿ

ಇದ್ದಿಲಕ್ಕನ ಕೈ ತೊಳೆದರೆ ನೀರು ಕಪ್ಪಾಗುತ್ತಿತ್ತೇ ಹೊರತು ಕೈ ಬೆಳ್ಳಗಾಗುತ್ತಿರಲಿಲ್ಲ. ಹುಟ್ಟಿದಾಗ ಇಟ್ಟ ಹೆಸರೊಂದಿತ್ತು. ಆ ಹೆಸರು ಹಿಡಿದು ಕರೆಯುತ್ತಿದ್ದವರೆಲ್ಲ ಮಣ್ಣು ಸೇರಿದ್ದರು. ಉಳಿದವರಿಗೆಲ್ಲ ಅವಳು ಇದ್ದಿಲಕ್ಕ. ಸೀಮೆಜಾಲಿ ಕಡಿಯುವುದು, ಸೌದೆ ಪೇರಿಸಿ ಮಣ್ಣು ಮೆತ್ತಿ ಗೂಡು ಕಟ್ಟಿ ಸುಡುವುದು, ಇದ್ದಿಲು ಮಾಡಿ ಲಾರಿಗೆ ಹಾಕುವುದು ಅವಳ ಕಸುಬು. ಊರಿನ ಕೊನೆಯ ಬೀದಿ, ಬೀದಿಯ ಕೊನೆಯ ಮನೆ, ಮನೆಯ ಹಿಂದೆ ಬಾವಿ, ಬಾವಿಯಾಚೆ ಸೀಮೆಜಾಲಿಯ ಪಟ್ಟಿ, ಅದರಾಚೆ ಮರಳು. ಈ ಕಥೆಗೆ ಬೇಕಾದ ಭೂಗೋಳ ಇಷ್ಟೇ.

ಮರಳು ಬಾಗಿಲು ತಟ್ಟಿ ಬರುವ ನೆಂಟನಲ್ಲ. ಅವಳು ಚಿಕ್ಕವಳಿದ್ದಾಗ ಗಾಳಿಕಾಲ ಬಂತೆಂದರೆ ಅವ್ವ ಹಾಲಿನ ಪಾತ್ರೆಗೆ ಬಟ್ಟೆ ಕಟ್ಟುತ್ತಿದ್ದಳು, ತೊಟ್ಟಿಲಿಗೆ ಬಟ್ಟೆ ಕಟ್ಟುತ್ತಿದ್ದಳು, ತನ್ನ ಬಾಯಿಗೂ ಕಟ್ಟುತ್ತಿದ್ದಳು. ಆದರೂ ತುತ್ತಿಗೊಮ್ಮೆ ಹಲ್ಲಿನ ನಡುವೆ ಕರಕ್ ಎನ್ನುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆಯಲು ಮೊದಲು ಕಿಟಕಿಯಿಂದ ಒಬ್ಬರು ಹೊರಗೆ ಹಾರಿ ಹೊಸ್ತಿಲ ಮರಳನ್ನು ಸಲಿಕೆಯಿಂದ ಎಳೆಯಬೇಕಿತ್ತು. ಆಗ ಅರಣ್ಯ ಆಫೀಸಿನವರು ಬಂದರು. ಸಮುದ್ರದಾಚೆಯ ಯಾವುದೋ ದೇಶದ ಮುಳ್ಳುಮರ, ಉಪ್ಪು ನೆಲಕ್ಕೂ ಸೈ, ಬೆಂಕಿಯಂಥ ಬಿಸಿಲಿಗೂ ಸೈ ಎಂದು ಹೇಳಿ ಊರಿನ ಕೈಯಲ್ಲೇ ಸಸಿ ನೆಡಿಸಿದರು. ಮರ ಎದ್ದಿತು. ಮರಳು ನಿಂತಿತು. ಕುರಿ, ಮೇಕೆ ಕಾಯುತ್ತಿದ್ದ ಅವಳ ಅಪ್ಪ ಆ ಗಿಡಗಳ ಮುಂದೆ ಚಪ್ಪಲಿ ಬಿಟ್ಟು ನಿಂತದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಅದೇ ಅಪ್ಪ ಮುಂದೆ ಅದೇ ಮರಕ್ಕೆ ಉಗಿಯುತ್ತಾ ಸತ್ತ. ಕಾಯಿ ಸಿಹಿ. ಮೇಕೆ ತಿಂದವು, ಹಿಕ್ಕೆ ಹಾಕಿದಲ್ಲೆಲ್ಲ ಬೀಜ ಬಿದ್ದಿತು. ಹತ್ತು ಮಳೆ ಕಳೆಯುವಷ್ಟರಲ್ಲಿ ಹುಲ್ಲುಗಾವಲಿದ್ದ ಜಾಗದಲ್ಲಿ ನಾಯಿ ನುಗ್ಗಲಾಗದಂಥ ಮುಳ್ಳಿನ ಕೋಟೆ. ಬೇರೆ ಮೇವಿಲ್ಲದೆ ಕಾಯಿಯನ್ನೇ ತಿಂದೂ ತಿಂದೂ ಮೇಕೆಗಳ ದವಡೆ ಸೊಟ್ಟಗಾಯಿತು; ಕಚ್ಚಿದ್ದು ಬಾಯಿಯಿಂದ ಜಾರಿ ಬೀಳುತ್ತಿತ್ತು. ಹೊಟ್ಟೆ ಹಸಿದು, ಬಾಯಿ ತುಂಬಿ, ಜೊಲ್ಲು ಸುರಿಸುತ್ತಾ ಸತ್ತವು. ಮಂದೆ ಹೋಯಿತು, ಅಪ್ಪ ಹೋದ.

ಉಳಿದದ್ದು ಮರ ಮತ್ತು ಹೊಟ್ಟೆ. ಅವಳೂ ಗಂಡನೂ ಕೊಡಲಿ ಹಿಡಿದರು. ಅವಳ ತಮ್ಮ ಮಾತ್ರ ಹಿಡಿಯಲಿಲ್ಲ. ಉಳಿದ ನಾಲ್ಕು ಮೇಕೆ ಹಿಡಿದುಕೊಂಡು ಹಟಕ್ಕೆ ಬಿದ್ದು ಮತ್ತೆ ಮಂದೆ ಕಟ್ಟಿದ. ಪೊದೆಯೊಳಗೆ ಸಿಕ್ಕಿಕೊಂಡ ಮರಿಯನ್ನು ಎಳೆಯಲು ಹೋಗಿ ಒಂದು ಕಣ್ಣು ಮುಳ್ಳಿಗೆ ಕೊಟ್ಟ. ಅಲ್ಲಿಂದ ಊರಿಗೆ ಅವನು ಒಂಟಿಗಣ್ಣ. ಗಂಡನ ಕಥೆ ಇನ್ನೂ ಚಿಕ್ಕದು. ಉರಿಯುವ ಗೂಡಿನ ಮೇಲೆ ಹತ್ತಿ ಮಣ್ಣು ತುಳಿಯುವುದು ಇದ್ದಿಲಿನವರ ದಿನದ ಕೆಲಸ. ಮಣ್ಣು ಬಿರಿದರೆ ಗಾಳಿ ನುಗ್ಗಿ ಸೌದೆಯೆಲ್ಲ ಬೂದಿಯಾಗುತ್ತದೆ. ಒಂದು ಸಂಜೆ ಅವನ ಕಾಲ ಕೆಳಗೆ ಗೂಡು ಕುಸಿಯಿತು. ಸೊಂಟದವರೆಗೆ ಒಳಗೆ ಹೋದ. ಎಳೆದು ತೆಗೆದವಳು ಇವಳೇ. ಎರಡು ದಿನ ಬದುಕಿದ್ದ. ಮೂರನೆಯ ದಿನ ಅವನ ಹೆಣ ಸುಟ್ಟು ಬಂದವಳು ನಾಲ್ಕನೆಯ ದಿನ ಅದೇ ಗೂಡಿನ ಇದ್ದಿಲನ್ನು ಚೀಲಕ್ಕೆ ತುಂಬಿದಳು. ಕಲ್ಲೆದೆ ಅಂದವರಿದ್ದರು. ಅವರ ಮನೆಯಿಂದ ಒಂದು ಮುಷ್ಟಿ ಕಾಳೂ ಬರಲಿಲ್ಲ.

ಸಂಘ ಹುಟ್ಟಿದ್ದು ಕುರಿಗಾಹಿಗಳದ್ದು. ಕಟ್ಟಿದವನು ಒಂಟಿಗಣ್ಣ. ಸೀಮೆಜಾಲಿ ಕೀಳಿಸಿ, ಹುಲ್ಲುಗಾವಲು ವಾಪಸ್ ಕೊಡಿ ಎನ್ನುವುದು ಬೇಡಿಕೆ. ರಸ್ತೆಗೆ ಮುಳ್ಳು ಹಾಕಿದರು, ಆಫೀಸಿನ ಅಂಗಳದಲ್ಲಿ ಸೊಟ್ಟ ದವಡೆಯ ಮೇಕೆಗಳನ್ನು ಕಟ್ಟಿ ಕೂತರು, ಬೆನ್ನಿಗೆ ಲಾಠಿ ತಿಂದರು. ಇದ್ದಿಲಕ್ಕ ಎಲ್ಲ ಮೆರವಣಿಗೆಗೂ ಹೋದಳು, ಕೂಗಿದಳು.

"ನಿನ್ನ ಅನ್ನಕ್ಕೆ ನೀನೇ ಮಣ್ಣು ಹಾಕ್ಕೊಳ್ತಿದೀಯಲ್ಲೇ" ಎಂದು ಇದ್ದಿಲಿನ ಲಾರಿಯವನು ನಕ್ಕರೆ, "ತಮ್ಮ ಜೈಲಿಗೆ ಹೋದ್ರೆ ಬುತ್ತಿ ನೀನು ಒಯ್ತೀಯಾ?" ಎಂದಳು. ಹೊಟ್ಟೆ ಮರದ ಕಡೆ, ಕರುಳು ತಮ್ಮನ ಕಡೆ. ನಡುವೆ ಇವಳು.

ಆಮೇಲೆ ಒಂದು ದಿನ ಗೆದ್ದರು. ಹೋರಾಟದಲ್ಲಿ ಸೋಲುವುದು ಎಲ್ಲರಿಗೂ ಬರುತ್ತದೆ. ಗೆದ್ದಮೇಲೆ ಏನು ಮಾಡಬೇಕೆಂದು ಯಾರೂ ಕಲಿತಿರುವುದಿಲ್ಲ.

ಗೆದ್ದ ಸಭೆಯಲ್ಲಿ ಆಫೀಸಿನವರು ಮೈಕಿನಲ್ಲಿ, ಹೊರಗಿನಿಂದ ಬಂದ ಗಿಡವೆಲ್ಲ ಈ ನೆಲದ ಶತ್ರು, ಒಂದು ಬೇರನ್ನೂ ಉಳಿಸುವುದಿಲ್ಲ ಎಂದರು. ಚಪ್ಪಾಳೆ ಬಿತ್ತು. ಇದ್ದಿಲಕ್ಕ ಹಿಂದಿನ ಸಾಲಿನಿಂದ ಎದ್ದಳು.

"ಬಾವಿ ಹಿಂದಿನ ಪಟ್ಟಿ ಬಿಡಿ. ಅದು ಹೋದ್ರೆ ಮರಳು ಬರುತ್ತೆ. ಮಿಕ್ಕಿದ್ದೆಲ್ಲ ನಾನೇ ಮುಂದೆ ನಿಂತು ಕೀಳಿಸ್ತೀನಿ."

"ನೋಡ್ರಪ್ಪಾ, ಇದ್ದಿಲಕ್ಕ ಮರಕ್ಕೆ ವಕಾಲತ್ತು ಹಾಕಿದಳು!" ಎಂದ ಒಬ್ಬ. ಸಭೆ ನಕ್ಕಿತು.

"ನಗಿ, ಹಲ್ಲು ಹುಳುಕಾಗಿರೋದು ಕಾಣ್ಲಿ. ಹೊರಗಿಂದ ಬಂದಿದ್ದೆಲ್ಲ ಕೆಟ್ಟದ್ದು ಅಂದ್ರೆ ಮೆಣಸಿನಕಾಯೂ ಹೊರಗಿಂದ ಬಂದಿದ್ದೇ ಅಂತಾರೆ. ನಾಳೆಯಿಂದ ಸಪ್ಪೆ ತಿಂತೀಯೇನೋ?"

ಒಂಟಿಗಣ್ಣ ವೇದಿಕೆಯಿಂದ ಇಳಿದು ಅವಳ ಹತ್ತಿರ ಬಂದ. "ಅಕ್ಕ, ಮೆಣಸಿನಕಾಯಿ ನೀನು ಬಿತ್ತಿದ್ರೆ ಬರುತ್ತೆ. ಇದು ಬಿತ್ತದೇ ಬರುತ್ತೆ. ವ್ಯತ್ಯಾಸ ಅಷ್ಟೇ. ಆ ಬಾವಿ ನೀರು ಯಾಕೆ ತಳ ಕಂಡಿದೆ ಹೇಳು? ಪಟ್ಟಿ ಮರದ ಬೇರು ಹೀರಿ ಹೀರಿ. ನಿನ್ನ ಮನೆ ಕಾಯ್ತಾ ಇದೆ ಅಂತೀಯ, ಅದು ನಿನ್ನ ಕೊಡದಲ್ಲೇ ಕುಡೀತಿದೆ."

"ಕುಡೀಲಿ ಬಿಡೋ. ತಳದಲ್ಲಾದ್ರೂ ನೀರಿದೆ. ಮರಳು ಬಂದ್ರೆ ತಳಾನೂ ಇರಲ್ಲ."

ಸಭೆ ಮುಗಿಯಲಿಲ್ಲ, ಮುರಿಯಿತು. ಮರುದಿನ ಮತ್ತೆ ಸೇರಿ ಒಂದು ಒಪ್ಪಂದಕ್ಕೆ ಬಂದರು. ಪಟ್ಟಿ ಇರಲಿ. ಆದರೆ ಒಂದು ಕಾಯಿ ಕೂಡ ನೆಲದಲ್ಲಿ ಉಳಿಯಬಾರದು. ಇದ್ದಿಲಕ್ಕ ಆರಿಸಿ ಗಿರಣಿಗೆ ಹಾಕಬೇಕು. ಬೀಜ ಹಿಟ್ಟಾದರೆ ಅದು ಬರೀ ಮೇವು.

"ಒಂದು ಸಸಿ ಹುಲ್ಲುಗಾವಲಿಗೆ ಬಂದ್ರೂ ಪಟ್ಟಿ ಹೋಗುತ್ತೆ ಅಕ್ಕ. ಅವತ್ತು ನಾನು ತಮ್ಮ ಅಲ್ಲ, ಸಂಘ" ಎಂದ ಒಂಟಿಗಣ್ಣ.

"ಆಯ್ತು ಸಂಘದ ಸಾಹೇಬ್ರೇ. ಈಗ ಮನೆಗೆ ಬಂದು ಊಟ ಮಾಡು" ಎಂದಳು.

ಮುಳ್ಳಿನ ಕೋಟೆ ಬಿತ್ತು. ಯಂತ್ರ ಬೇರು ಕಿತ್ತಿತು, ಇದ್ದಿಲಿನ ಮಂದಿ ಬೇರಿನ ಚೂರು ಆರಿಸಿದರು. ಕಡಿದ ರಾಶಿಯೇ ಬೆಟ್ಟದಷ್ಟಿದ್ದುದರಿಂದ ಇದ್ದಿಲಿಗೆ ಇನ್ನೂ ಎರಡು ಮೂರು ವರ್ಷ ಬರವಿರಲಿಲ್ಲ. ಆಮೇಲೆ ಏನು ಎಂದು ಕೇಳಿದರೆ ಇದ್ದಿಲಕ್ಕ, "ಆಮೇಲೆ ತಮ್ಮನ ಮೇಕೆ ಕಾಯ್ತೀನಿ. ಕರೀ ಕೈ ನೋಡಿ ಮೇಕೆ ಓಡದಿದ್ರೆ ಸಾಕು" ಎನ್ನುತ್ತಿದ್ದಳು.

ಕಾಯಿ ಆರಿಸುವ ಕೆಲಸದಲ್ಲಿ ಅವಳ ಜೊತೆಗಿದ್ದವಳು ಸೊಸೆ. ಸೊಸೆ ಎಂದರೆ ಒಂಟಿಗಣ್ಣನ ಮಗಳೇ. ಇದ್ದಿಲಿನ ಲಾರಿಯಲ್ಲಿ ಊರೂರು ಸುತ್ತುವ ಇದ್ದಿಲಕ್ಕನ ಮಗನಿಗೆ ಕೊಟ್ಟಿದ್ದರು. ಕಂಕುಳಲ್ಲಿ ಕೂಸು, ನಾಲಗೆಯಲ್ಲಿ ಮುಳ್ಳು. "ನಮ್ಮಪ್ಪನಿಗೆ ಹೆದರಿ ನಮ್ಮತ್ತೆ ನೆಲ ನೆಕ್ಕೋದೊಂದು ಬಾಕಿ" ಎನ್ನುತ್ತಾ ಅವಳೂ ಬಗ್ಗಿ ಬಗ್ಗಿ ಆರಿಸುತ್ತಿದ್ದಳು. ಪಟ್ಟಿಯ ಕೆಳಗಿನ ನೆಲ ಗುಡಿಸಿದ ಅಂಗಳದ ಹಾಗಿರುತ್ತಿತ್ತು.

ಹುಲ್ಲು ಬಿತ್ತಿದರು. ಮೊದಲ ಮಳೆಗೆ ಹುಟ್ಟಿತು, ಆದರೆ ಕಾಮಾಲೆಯವರ ಹಾಗೆ ಹಳದಿ. ಎಷ್ಟೋ ವರ್ಷ ಮುಳ್ಳು ಹೊತ್ತ ನೆಲ. ಒಡನೆಯೇ ಹಸಿರಾಗು ಎಂದರೆ ಎಲ್ಲಿಂದ ಆಗಬೇಕು? ಒಂಟಿಗಣ್ಣ ಬದುವಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಒಂದು ಎಸಳು ಕಿತ್ತು ಹಲ್ಲಿನಲ್ಲಿ ಕಚ್ಚಿ ಉಗಿದ. ಇಪ್ಪತ್ತು ವರ್ಷ ಏಟು ತಿಂದು ಗೆದ್ದದ್ದು ಈ ಹಳದಿ ಹುಲ್ಲು. ಅವನ ಬೆನ್ನು ನೋಡಿದ ಇದ್ದಿಲಕ್ಕನಿಗೆ ತಡೆಯಲಾಗಲಿಲ್ಲ.

ಇದ್ದಿಲಿನವರ ಹತ್ತಿರ ಒಂದು ಮದ್ದಿತ್ತು, ಗೂಡುಮಣ್ಣು. ಸೌದೆ ಪೇರಿಸಿ, ಅದರ ಮೇಲೆ ಹಸಿರು ಸೊಪ್ಪು, ಎಳೆ ಕೊಂಬೆ ಹೊದಿಸಿ, ಸೊಪ್ಪಿನ ಮೇಲೆ ಮಣ್ಣು ಮೆತ್ತುತ್ತಾರೆ. ಸೊಪ್ಪಿಲ್ಲದಿದ್ದರೆ ಮಣ್ಣು ಸೌದೆಯೊಳಗೆ ಜಾರಿ ಬೆಂಕಿ ಸಾಯುತ್ತದೆ. ಗೂಡು ಆರಿದ ಮೇಲೆ ಕೆಡವಿದಾಗ ಸಿಗುವ ಆ ಹೊದಿಕೆ ಮಣ್ಣು ಬೂದಿ, ಇದ್ದಿಲ ಪುಡಿ ಬೆರೆತು ಕರ್ರಗಾಗಿ, ಕೈಯಲ್ಲಿ ಹಿಡಿದರೆ ಮೆತ್ತಗಿರುತ್ತದೆ. ಹಳೆಯ ಗೂಡಿನ ಜಾಗದಲ್ಲಿ ಏನು ಹಾಕಿದರೂ ದಪ್ಪಗೆ ಬರುವುದನ್ನು ಇದ್ದಿಲಕ್ಕ ಕಂಡಿದ್ದಳು. ಬೇಡುವವರಿಗೂ ಕೊಡದೆ ಗುಡ್ಡೆ ಹಾಕಿಟ್ಟಿದ್ದ ಆ ಮಣ್ಣನ್ನು ಅವಳೂ ಸೊಸೆಯೂ ಬುಟ್ಟಿಬುಟ್ಟಿ ಹೊತ್ತು ತಮ್ಮನ ಹುಲ್ಲಿಗೆ ಸುರಿದರು.

"ಏನಕ್ಕ ಇದು?" ಎಂದ ಒಂಟಿಗಣ್ಣ.

"ನಿನ್ನ ಗೆಲುವಿಗೆ ಹಾಕೋ ಗೊಬ್ಬರ. ಸುಮ್ನೆ ಹರಡು."

ಹುಲ್ಲು ಹಸಿರಾಯಿತು. ಕರೀ ಮಣ್ಣು ಬಿದ್ದಲ್ಲೆಲ್ಲ ಮೊಣಕಾಲೆತ್ತರ. ಒಂಟಿಗಣ್ಣನ ಮೇಕೆಗಳು ಮೊದಲ ಬಾರಿಗೆ ನೆಟ್ಟಗಿನ ದವಡೆಯಲ್ಲಿ ಮೆಲುಕು ಹಾಕಿದವು. ಅವನು ಅಕ್ಕನ ಮನೆಗೆ ಹಾಲು ತಂದ. ಕೂಸಿಗೆ ಅಂದ. ಅರ್ಧ ತಾನೇ ಕುಡಿದು ಹೋದ.

ಮುಂದಿನ ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಇದ್ದಿಲಕ್ಕ ಹುಲ್ಲಿನ ನಡುವೆ ನಡೆಯುತ್ತಿದ್ದಳು. ಕಾಲಿಗೆ ಏನೋ ಚುಚ್ಚಿತು. ಬಗ್ಗಿ ನೋಡಿದಳು. ಬೆರಳುದ್ದದ ಸಸಿ, ಗರಿಯಂಥ ಎಲೆ, ಬುಡದಲ್ಲಿ ಆಗಲೇ ಮುಳ್ಳು. ಪಕ್ಕದಲ್ಲಿ ಇನ್ನೊಂದು. ಅದರ ಪಕ್ಕದಲ್ಲಿ ಹತ್ತು. ಎದ್ದು ನಿಂತು ಸುತ್ತ ನೋಡಿದಳು. ಸಸಿಗಳು ಚೆಲ್ಲಾಪಿಲ್ಲಿ ಹುಟ್ಟಿರಲಿಲ್ಲ. ಬುಟ್ಟಿ ಸುರಿದ ಕಡೆ, ಬುಟ್ಟಿಯಗಲಕ್ಕೆ, ಗುಂಪುಗುಂಪಾಗಿ ಹುಟ್ಟಿದ್ದವು.

ನೆಲದ ಕಾಯಿ ಆರಿಸಿದ್ದಳು. ಗೂಡಿಗೆ ಹೊದಿಸಿದ ಕೊಂಬೆಯ ತುದಿಯಲ್ಲಿ ಅಂಟಿಕೊಂಡಿದ್ದ ಕಾಯಿಗಳನ್ನು ಯಾವ ಇದ್ದಿಲಿನವಳು ನೋಡುತ್ತಾಳೆ? ಬೆಂಕಿಯ ನೆತ್ತಿಯ ಮೇಲೆ ಕೂರುವ ಬೀಜ ಬದುಕುತ್ತದೆಂದು ಅವಳ ಕುಲದಲ್ಲೇ ಯಾರೂ ಅಂದುಕೊಂಡಿರಲಿಲ್ಲ. ಆದರೆ ಬೆಂಕಿ ಇದ್ದದ್ದು ಒಳಗೆ. ಹೊದಿಕೆಯ ಹೊರಪದರದಲ್ಲಿ ಬರೀ ಕಾವು. ಕಲ್ಲಿನಂಥ ಸಿಪ್ಪೆ ಬಿರಿಯಲು ಬೇಕಾದಷ್ಟು ಕಾವು, ಬೀಜ ಸಾಯಲು ಸಾಲದಷ್ಟು. ಮೇಕೆಯ ಹೊಟ್ಟೆ ಮಾಡುತ್ತಿದ್ದ ಕೆಲಸವನ್ನು ಅವಳ ಗೂಡು ಮಾಡಿತ್ತು.

ಒಂದು ಸಸಿ ಹಿಡಿದು ಎಳೆದಳು. ಮೇಲಿನ ಕಡ್ಡಿ ಕೈಗೆ ಬಂತು. ಬೇರು ಕೆಳಗೇ ಉಳಿಯಿತು.

ಮನೆಗೆ ಬಂದು ಸೊಸೆಗೆ ಹೇಳಿದಳು. ಸೊಸೆ ಕೂಸಿನ ಬಾಯಿ ಒರೆಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಅತ್ತೆ, ಬಾಯಿ ಮುಚ್ಚಿಕೊಂಡಿರಿ. ಹಕ್ಕಿ ತಂದು ಹಾಕಿತು ಅಂದ್ರೆ ಮುಗೀತು. ಹಕ್ಕೀನ ಕರೆಸಿ ಪಂಚಾಯ್ತಿ ಮಾಡ್ತಾರಾ?"

"ನಿಮ್ಮಪ್ಪನಿಗೆ ಮಾತು ಕೊಟ್ಟಿದೀನಿ ಕಣೆ."

"ನಮ್ಮಪ್ಪನ ಮನೆ ಬೀದಿಯ ಆ ತುದೀಲಿದೆ. ಮರಳು ಬರೋದು ಈ ಕಡೆಯಿಂದ. ಈ ಕೂಸಿನ ಮೂಗಿಗೆ."

ಇದ್ದಿಲಕ್ಕ ಬಾಯಿ ಮುಚ್ಚಿಕೊಂಡಳು. ಮೂರು ಬೆಳಿಗ್ಗೆ ಸಲಿಕೆ ಹಿಡಿದು ಹೋಗಿ, ಮೇಕೆ ಬರುವ ಮುಂಚೆ ಎಷ್ಟಾಗುತ್ತದೋ ಅಷ್ಟು ಅಗೆದಳು. ಕಳ್ಳತನದಲ್ಲಿ ಕಳೆ ತೆಗೆದವಳು ಈ ಊರಿನಲ್ಲಿ ಅವಳೊಬ್ಬಳೇ ಇರಬೇಕು. ಒಂದನ್ನು ಅಗೆದರೆ ಹತ್ತು ಕಾಣುತ್ತಿತ್ತು. ನಾಲ್ಕನೆಯ ದಿನ ಒಂಟಿಗಣ್ಣನೇ ಕಂಡ. ಒಂದು ಕಣ್ಣಿದ್ದರೂ ಸೀಮೆಜಾಲಿಯನ್ನು ಕಾಣಲು ಅವನಿಗೆ ಅದೇ ಧಾರಾಳ.

ಸಂಘ ಸೇರಿತು. ತಪ್ಪು ಹೊರಿಸಲು ಒಬ್ಬ ಬೇಕಿತ್ತು, ಸಿಕ್ಕಿದ. ಹಲ್ಲಿಲ್ಲದ, ಕಿವಿ ಮಂದವಾದ ಒಬ್ಬ ಮುದಿ ಕುರಿಗಾಹಿ. ಅವನ ಮೇಕೆಗಳು ಒಮ್ಮೆ ಹಗ್ಗ ಹರಿದು ಪಟ್ಟಿಯೊಳಗೆ ನುಗ್ಗಿದ್ದವು. ಅವನ ಮಂದೆಯನ್ನು ಹುಲ್ಲಿಗೆ ಬಿಡಬಾರದು ಎಂದು ಮಾತಾಯಿತು. ಬರುವ ಬೇಸಗೆಗೆ ಹುಲ್ಲು ತಪ್ಪಿಸುವುದೆಂದರೆ ಮಂದೆಯ ಕತ್ತು ಕುಯ್ದ ಹಾಗೆ. ಮುದುಕ ಏನೂ ಕೇಳಿಸದೆ ಎಲ್ಲರ ಮುಖ ನೋಡಿ ನಗುತ್ತಾ, "ಆಯ್ತಪ್ಪ, ಆಯ್ತು" ಎನ್ನುತ್ತಿದ್ದ.

ಆ ನಗು ಇಲ್ಲದಿದ್ದರೆ ಇದ್ದಿಲಕ್ಕ ಎದ್ದು ನಿಲ್ಲುತ್ತಿದ್ದಳೋ ಇಲ್ಲವೋ.

"ಆ ಮುದುಕನ್ನ ಬಿಡಿ. ಬೀಜ ಹೋಗಿದ್ದು ನನ್ನ ಬುಟ್ಟೀಲಿ" ಎಂದಳು. ಗೂಡಿನ ಹೊದಿಕೆ, ಕೊಂಬೆ, ಕಾಯಿ, ಕರೀ ಮಣ್ಣು, ಎಲ್ಲ ಹೇಳಿದಳು.

ಸಭೆಯಲ್ಲಿ ಕೂಗಾಟ ಶುರುವಾಯಿತು.

"ಬೇಕಂತಲೇ ಮಾಡಿದಾಳೆ. ಮರ ಮುಗಿದ್ರೆ ಇವಳ ಒಲೆ ಆರುತ್ತಲ್ಲ!"

"ಗೊಬ್ಬರ ಅಂತೆ ಗೊಬ್ಬರ! ಬೆಕ್ಕು ಉಪವಾಸ ಮಾಡಿದ ಹಾಗಾಯ್ತು."

ಒಂಟಿಗಣ್ಣ ಮೇಜಿಗೆ ಗುದ್ದಿದ. "ನನ್ನಕ್ಕ ಬೇಕಂತ ಮಾಡಿಲ್ಲ. ಅದನ್ನ ಯಾವನಾದ್ರೂ ಇನ್ನೊಂದು ಸಲ ಅಂದ್ರೆ ಹಲ್ಲು ಉದುರಿಸ್ತೀನಿ." ಅವನು ಅಕ್ಕನ ಕಡೆ ತಿರುಗಲಿಲ್ಲ; ಕುರುಡು ಕಣ್ಣಿನ ಮಗ್ಗುಲನ್ನೇ ಅವಳಿಗೆ ಕೊಟ್ಟು ನಿಂತು ಹೇಳಿದ: "ಆದ್ರೆ ಮಾತು ಮಾತೇ. ಪಟ್ಟಿ ಹೋಗುತ್ತೆ."

"ಪಟ್ಟಿಯಿಂದ ಬಂದಿಲ್ವಲ್ಲೋ, ಗೂಡಿನಿಂದ ಬಂದಿದ್ದು!"

"ಗೂಡಿಗೆ ಕೊಂಬೆ ಎಲ್ಲಿಂದ ಬಂತಕ್ಕ?"

ಮುಳ್ಳಿನ ಕೋಟೆ ಬಿದ್ದ ಮೇಲೆ ಹಸಿ ಕೊಂಬೆ ಸಿಗುತ್ತಿದ್ದುದು ಪಟ್ಟಿಯಲ್ಲಿ ಮಾತ್ರ.

ಯಂತ್ರ ಬಂತು. ಸೊಸೆ ಹೋಗಿ ಅಪ್ಪನ ಎದುರು ಕೂಸನ್ನು ನೆಲದ ಮೇಲೆ ಕೂರಿಸಿ, "ಇದನ್ನೂ ಒಂದು ಕೈ ಕಿತ್ತುಬಿಡಪ್ಪ, ಬೇರು ಸಮೇತ" ಎಂದಳು. ಅವನು ಕೂಸನ್ನೆತ್ತಿ ಅವಳ ಕೈಗೆ ಕೊಟ್ಟು ಯಂತ್ರದವನಿಗೆ ಸನ್ನೆ ಮಾಡಿದ. ಇದ್ದಿಲಕ್ಕನ ಅಪ್ಪ ಒಂದು ಕಾಲದಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ ಮರಗಳು ಸಂಜೆಯೊಳಗೆ ಬೇರು ಮೇಲಾಗಿ ಬಿದ್ದವು. ಇದ್ದಿಲಕ್ಕ ನೋಡಲು ಹೊರಗೆ ಬರಲಿಲ್ಲ. ಮರುದಿನ ಬಂದು ಸೌದೆ ಆರಿಸಿದಳು. ಬಿದ್ದ ಸೌದೆ ಸೌದೆಯೇ.

ಒಂಟಿಗಣ್ಣ ಹೇಳಿದ್ದು ಸುಳ್ಳಾಗಲಿಲ್ಲ. ಕೆಲವು ವಾರ ಕಳೆಯುವಷ್ಟರಲ್ಲಿ ಬಾವಿಯ ನೀರು ಒಂದು ಮೊಳ ಮೇಲೆ ಬಂತು. ಹಗ್ಗ ಕುಗ್ಗಿಸಬೇಕಾಯಿತು. ಇದ್ದಿಲಕ್ಕ ಬಾವಿಯೊಳಗೆ ಬಗ್ಗಿ ನೋಡಿದಳು. ಎಷ್ಟೋ ವರ್ಷಗಳ ಮೇಲೆ ಅವಳ ಮುಖ ನೀರಿನಲ್ಲಿ ಕಾಣಿಸಿತು, ಕರ್ರಗೆ, ಮುದಿಯಾಗಿ.

"ನೋಡಿದ್ಯಾ?" ಎಂದ ತಮ್ಮ.

"ನೋಡ್ದೆ. ನೀನು ಗೆದ್ದೆ."

ಅದಾದ ಮೇಲೆ ಗಾಳಿಕಾಲ ಬಂತು.

ಅವಳು ಹೇಳಿದ್ದೂ ಸುಳ್ಳಾಗಲಿಲ್ಲ. ಮೊದಲು ಬಾಗಿಲ ಸಂದಿಯಲ್ಲಿ ಗೆರೆ. ಆಮೇಲೆ ಹೊಸ್ತಿಲಿಗೆ ಹಂತ. ಒಂದು ಮಧ್ಯಾಹ್ನ ಆಕಾಶ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿ, ಗಾಳಿ ಇಳಿಯುವಷ್ಟರಲ್ಲಿ ಬಾವಿಯ ಕಟ್ಟೆ ಅರ್ಧ ಮುಚ್ಚಿತ್ತು. ಕೊಡ ಬಿಟ್ಟರೆ ಛಳ್ ಎನ್ನಬೇಕಾದಲ್ಲಿ ದಬ್ ಎಂದಿತು. ನೀರಿತ್ತು, ಮರಳಿನ ಕೆಳಗೆ. ಮೊಳ ಮೇಲೆ ಬಂದ ಸಿಹಿ ನೀರು ಮರಳಿನ ಗೋರಿಯೊಳಗೆ ತಣ್ಣಗೆ ಮಲಗಿತ್ತು.

ಬೀದಿಯ ಮೂರು ಮನೆಯವರು ಗಂಟುಮೂಟೆ ಕಟ್ಟಿದರು. ಮುದಿ ಕುರಿಗಾಹಿ ಮಂದೆ ಹೊಡೆದುಕೊಂಡು ನೀರಿರುವ ಕಡೆ ಹೋದ, ಹೋಗುವಾಗಲೂ ನಗುತ್ತಿದ್ದ. ಆಫೀಸಿನವರು ಬಂದು, ಈ ನೆಲದ್ದೇ ಗಿಡ ನೆಡುತ್ತೇವೆ, ಎದ್ದು ನಿಲ್ಲಲು ಹತ್ತು ಹನ್ನೆರಡು ವರ್ಷ ಹಿಡಿಯುತ್ತದೆ ಎಂದರು. ಸುಳ್ಳೇನೂ ಹೇಳಲಿಲ್ಲ. ಈ ನೆಲದ ಗಿಡ ನಿಧಾನ, ಮರಳು ಅವಸರ. ಕೂಸಿಗೆ ಕೆಮ್ಮು ಹಿಡಿಯಿತು. ಸೊಸೆ ಒಣಗಿದ ತುಟಿಯಲ್ಲಿ, "ಹಕ್ಕಿ ಅಂದಿದ್ರೆ ಆಗ್ತಿತ್ತು ಅತ್ತೆ. ಒಂದು ಮಾತು. ಹಕ್ಕಿ" ಎಂದಳು. ಇದ್ದಿಲಕ್ಕ, "ಹೌದು" ಎಂದಳು. ಅಷ್ಟೇ ಎಂದಳು.

ಮಾರನೆಯ ಬೆಳಿಗ್ಗೆ ಹಗ್ಗ, ಬುಟ್ಟಿ, ಸಲಿಕೆ ತೆಗೆದುಕೊಂಡು ಬಾವಿಗೆ ಇಳಿಯಲು ಹೊರಟಳು. ಕಟ್ಟೆಯ ಮೇಲೆ ಒಂಟಿಗಣ್ಣ ಆಗಲೇ ಸೊಂಟಕ್ಕೆ ಬಟ್ಟೆ ಬಿಗಿದು ನಿಂತಿದ್ದ.

"ಸರಿ ಆಕಡೆ. ಬಾವಿಗೆ ಬಿದ್ದು ಸತ್ತರೆ ಅದಕ್ಕೂ ಸಂಘಾನೇ ಕಾರಣ ಅಂತೀಯ."

"ಒಂದು ಕಣ್ಣಲ್ಲಿ ಇಳಿದು ನೀನೇನು ಕಡಿದು ಕಟ್ಟೆ ಹಾಕ್ತೀಯ?"

"ಇಳಿಯೋಕೆ ಕಾಲು ಸಾಕು."

ಅವನು ಇಳಿದ. ಬುಟ್ಟಿ ತುಂಬಿ ಹಗ್ಗ ಜಗ್ಗಿದರೆ ಅವಳು ಎಳೆಯಬೇಕು, ಒಯ್ದು ಪಟ್ಟಿಯಿದ್ದ ಬಯಲಿಗೆ ಸುರಿಯಬೇಕು. ಮಧ್ಯಾಹ್ನದ ಹೊತ್ತಿಗೆ ಒದ್ದೆ ಮರಳು ಬಂತು. ಸಂಜೆಗೆ ಒಂದು ಕೊಡ ಕೆಸರು ನೀರು. ಮರುದಿನ ಗಾಳಿ ಬಂದು ಅಷ್ಟನ್ನೇ ಮತ್ತೆ ತುಂಬಿತು. ಮತ್ತೆ ಇಳಿದ. ದಿನಾ ಇದೇ ಆಯಿತು. ತೆಗೆದದ್ದು ಗಾಳಿಯದು, ಗಾಳಿ ತಂದದ್ದು ಇವರದು. ನಡುವೆ ಸಿಕ್ಕಿದ ಒಂದೆರಡು ಕೊಡ ಉಳಿದ ಮನೆಗಳಿಗೂ ಮೇಕೆಗಳಿಗೂ.

ಒಂದು ದಿನ ಅವಳ ಕೈ ಸೋತು, ಬುಟ್ಟಿ ಸುರಿಯಲು ಅವನೇ ಹೊತ್ತು ಹೋದ. ಬಾವಿಯ ಮರಳು ಸುರಿದೂ ಸುರಿದೂ ದಿಬ್ಬವಾಗಿತ್ತು. ದಿಬ್ಬದ ನೆತ್ತಿಯಲ್ಲಿ ಬೆರಳುದ್ದದ ಒಂದು ಸಸಿ, ಗರಿಯಂಥ ಎಲೆ, ಬುಡದಲ್ಲಿ ಮುಳ್ಳು. ಉಳಿದ ಬೇರಿನದೋ, ಬಿದ್ದ ಬೀಜದ್ದೋ. ಅವನು ನಿಂತ. ಒಳ್ಳೆಯ ಕಣ್ಣನ್ನು ಅದರ ಮೇಲೆ ನೆಟ್ಟು ಬಹಳ ಹೊತ್ತು ನಿಂತ.

ಕಟ್ಟೆಯ ಮೇಲಿಂದ ಇದ್ದಿಲಕ್ಕ ಕೂಗಿದಳು: "ಕೀಳಲ್ವೇನೋ?"

"ಎರಡೂ ಕೈಯಲ್ಲಿ ಬುಟ್ಟಿ ಇದೆ, ಕಾಣಲ್ವಾ?" ಎಂದ.

ಸಸಿಯ ಮೇಲೆ ಬೀಳದ ಹಾಗೆ ಪಕ್ಕಕ್ಕೆ ಮರಳು ಸುರಿದು, ಖಾಲಿ ಬುಟ್ಟಿ ಬೀಸುತ್ತಾ ಬಂದು, ಮತ್ತೆ ಬಾವಿಗೆ ಇಳಿದ.